ಬಿ ಸೈಡ್‌ನಲ್ಲಿ ಹಾಡು ತೆಗೆದವನು, ಮನೆಯಲ್ಲಿ ಜಾಗ ಕೊಟ್ಟವನು: ಮೆಲ್ ಚೆರೆನ್ ಗೊತ್ತಾ ಯಾರಿಗಾದರೂ?

ಹಳೇಪ್ಲೇಟು (ಶುಕ್ರವಾರ ರಾತ್ರಿ)
ಡಿಸ್ಕೋ ಅಂದ ತಕ್ಷಣ ನಮಗೆಲ್ಲ ಬಪ್ಪಿ ಲಹಿರಿಯ ಕೊರಳಿನ ಚಿನ್ನ ಕಣ್ಣಿಗೆ ಬರುತ್ತದೆ. ನನಗೂ ಅಷ್ಟೇ ಗೊತ್ತಿತ್ತು. ಹೋದ ತಿಂಗಳು ಸೋದರಮಾವನ ಮನೆಯ ಅಟ್ಟ ಕೆಡವುವಾಗ ಒಂದು ದೊಡ್ಡ ಗ್ರಾಮಫೋನ್ ಪ್ಲೇಟು ಸಿಕ್ಕಿತು. ಗಾತ್ರ 12 ಇಂಚು, ಆದರೆ ಆಲ್ಬಂ ಅಲ್ಲ. ಒಂದು ಮಗ್ಗುಲಿಗೆ ಒಂದೇ ಹಾಡು. ತಂಡದ ಹೆಸರು ನ್ಯೂಯಾರ್ಕ್ ಸಿಟಿ ಪೀಚ್ ಬಾಯ್ಸ್, 1982. ತಿರುಗಿಸಿ ಹಾಕಿದರೆ ಆ ಕಡೆಯೂ ಅದೇ ಹಾಡು! ಆದರೆ ಹಾಡುವವನು ಎಲ್ಲೋ ಒಂದೆರಡು ಮಾತು ಎಸೆದು ಮಾಯ. ಉಳಿದದ್ದೆಲ್ಲ ಬಾಸ್, ಚಪ್ಪಾಳೆ, ಪ್ರತಿಧ್ವನಿ. ಪ್ಲೇಟು ಕೆಟ್ಟಿದೆ ಅಂದುಕೊಂಡು ಸೂಜಿ ಎತ್ತಿ ಒರೆಸಿದೆ ಕೂಡ.

ಲೇಬಲ್ ಮೇಲೆ ವೆಸ್ಟ್ ಎಂಡ್ ರೆಕಾರ್ಡ್ಸ್ ಅಂತಿದೆ. ಯಾರದಪ್ಪಾ ಇದು ಅಂತ ಹುಡುಕುತ್ತಾ ಹೋದರೆ ಮೆಲ್ ಚೆರೆನ್ ಎಂಬ ಮನುಷ್ಯ ಸಿಕ್ಕ. 1933ರಲ್ಲಿ ಹುಟ್ಟಿದವನು. 1976ರಲ್ಲಿ ಎಡ್ ಕುಶಿನ್ಸ್ ಜೊತೆ ಸೇರಿ ಈ ಕಂಪನಿ ಕಟ್ಟಿದ. ಅಮೆರಿಕದಲ್ಲಿ ಏಡ್ಸ್ ಬಂದ ಹೊಸತರಲ್ಲಿ, ರೋಗಿಗಳಿಗಾಗಿ ಶುರುವಾದ ಸಂಘಕ್ಕೆ ಮೊದಲ ಆಫೀಸು ಸಿಕ್ಕಿದ್ದು ಇವನ ಮನೆಯಲ್ಲಿ. ದೊಡ್ಡ ದಾನಿ ಅನ್ನಬೇಕು. ಎರಡು ವಾರದಿಂದ ಇವನೇ ತಲೆಯಲ್ಲಿ ಕೂತಿದ್ದಾನೆ. ಗೊತ್ತಿದ್ದವರು ಹೇಳಿ.

ಸೂಜಿಮೊನೆ
ಆ ಪ್ಲೇಟಿನಲ್ಲಿ ಹಾಡಿರುವುದು ಬರ್ನಾರ್ಡ್ ಫೌಲರ್. ಆಮೇಲೆ ರೋಲಿಂಗ್ ಸ್ಟೋನ್ಸ್ ಜೊತೆ ಹಿನ್ನೆಲೆ ಗಾಯಕನಾಗಿ ವರ್ಷಗಟ್ಟಲೆ ಸುತ್ತಿದವರು. ಪ್ಲೇಟು ಕೆಟ್ಟಿಲ್ಲ, ಹೀಗೆ ದನಿ ತೆಗೆದು ತಾಳ, ಪ್ರತಿಧ್ವನಿ ಉಳಿಸಿದ್ದನ್ನು ಡಬ್ ಅನ್ನುತ್ತಾರೆ. ಒರೆಸಿ ಒರೆಸಿ ಹಾಳು ಮಾಡಬೇಡಿ ಮಾರಾಯ್ರೆ.

ಬೆಣ್ಣೆದೋಸೆ
ಒಂದೇ ಹಾಡು ಎರಡೂ ಕಡೆ ಹಾಕಿ ದುಡ್ಡು ಹೊಡೆಯೋದು ಅಲ್ವಾ ಇದು? 😄

ಸೂಜಿಮೊನೆ
ತಮಾಷೆಗೆ ಹೇಳಿದಿರಿ, ಆದರೆ ಅರ್ಧ ನಿಜ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ವೆಸ್ಟ್ ಎಂಡ್‌ಗೆ ಮೊದಲು ಚೆರೆನ್ ಸೆಪ್ಟರ್ ರೆಕಾರ್ಡ್ಸ್‌ನಲ್ಲಿದ್ದ. ಅದು ಫ್ಲಾರೆನ್ಸ್ ಗ್ರೀನ್‌ಬರ್ಗ್ ಎಂಬ ನ್ಯೂಜೆರ್ಸಿಯ ಗೃಹಿಣಿ ಕಟ್ಟಿದ ಕಂಪನಿ. ಶಿರೆಲ್ಸ್, ಡಿಯಾನ್ ವಾರ್ವಿಕ್ ಎಲ್ಲ ಅಲ್ಲಿಯವರೇ. ಅದರ ಆಫೀಸು ಮ್ಯಾನ್‌ಹಟನ್‌ನ 254 ವೆಸ್ಟ್ 54ನೇ ಬೀದಿಯಲ್ಲಿತ್ತು. ವಿಳಾಸ ಎಲ್ಲೋ ಕೇಳಿದ ಹಾಗಿದೆ ಅನಿಸಿತೇ? 1977ರಲ್ಲಿ ಸ್ಟುಡಿಯೋ 54 ಎಂಬ ಹೆಸರಾಂತ ಡಿಸ್ಕೋ ಕ್ಲಬ್ ತೆರೆದದ್ದು ಅದೇ ಕಟ್ಟಡದಲ್ಲಿ. ಚೆರೆನ್‌ಗೂ ಆ ಕ್ಲಬ್ಬಿಗೂ ಮಾತ್ರ ಏನೂ ಸಂಬಂಧವಿಲ್ಲ. ಇವನ ಜಾಗ ಬೇರೆ, ಜನ ಬೇರೆ.

ಆಗ ಹಾಡು ಬರುತ್ತಿದ್ದದ್ದು 7 ಇಂಚಿನ ಪುಟ್ಟ ಪ್ಲೇಟಿನಲ್ಲಿ. ಎ ಸೈಡ್ ಹಿಟ್ ಆಗಬೇಕಾದ ಹಾಡು. ಬಿ ಸೈಡ್‌ಗೆ ಕೈಗೆ ಸಿಕ್ಕಿದ್ದು ಏನೋ ಒಂದು. ಆ ಇನ್ನೊಂದು ಹಾಡಿಗೂ ಸ್ಟುಡಿಯೋ ಖರ್ಚು ಇದ್ದೇ ಇತ್ತು. ರೇಡಿಯೋದವರು ಕೆಲವೊಮ್ಮೆ ತಿರುಗಿಸಿ ಅದನ್ನೇ ಬಾರಿಸಿಬಿಡುತ್ತಿದ್ದರು. ಎ ಸೈಡಿನ ಪ್ರಚಾರಕ್ಕೆ ಹಾಕಿದ ದುಡ್ಡು ನೀರಿಗೆ ಹೋದ ಹಾಗೆ. ಸೆಪ್ಟರ್ ಕಾಲದಲ್ಲಿ ಚೆರೆನ್ ಒಂದು ಉಪಾಯ ಮಾಡಿದ. ಅದೇ ಹಾಡಿನಿಂದ ದನಿ ತೆಗೆದು, ಬರೀ ವಾದ್ಯ ಉಳಿಸಿ, ಬಿ ಸೈಡ್‌ಗೆ ಹಾಕಿದ. 1973ರಲ್ಲಿ ಬಂದ ಅಲ್ಟ್ರಾ ಹೈ ಫ್ರೀಕ್ವೆನ್ಸಿ ಎಂಬ ತಂಡದ ಸಿಂಗಲ್ ಅದು. ಕಂಪನಿಗೆ ಖರ್ಚು ಉಳಿಯಿತು. ಕ್ಲಬ್ಬಿನ ಡಿಜೆಗಳಿಗೆ ಹಬ್ಬವೇ ಆಯಿತು. ಎರಡು ಕಾಪಿ ಇಟ್ಟುಕೊಂಡು, ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಬರೀ ತಾಳ, ಹಿಂದೆ ಮುಂದೆ ಜೋಡಿಸಿ ಮೂರು ನಿಮಿಷದ ಹಾಡನ್ನು ಎಷ್ಟು ಬೇಕಾದರೂ ಎಳೆಯಬಹುದಿತ್ತು.

ಕಿಂಗ್‌ಸ್ಟನ್‌ಕುಮಾರ
ಒಂದು ತಕರಾರು. ಹಾಡಿಲ್ಲದ ಬಿ ಸೈಡ್ ಅಮೆರಿಕದವರ ಸಂಶೋಧನೆ ಅಲ್ಲ. ಜಮೈಕಾದಲ್ಲಿ 60ರ ದಶಕದ ಕೊನೆಗೇ ಇತ್ತು. ಅವರು ಅದನ್ನು ‘ವರ್ಷನ್’ ಅನ್ನುತ್ತಿದ್ದರು. ಬೀದಿಯಲ್ಲಿ ಸೌಂಡ್ ಸಿಸ್ಟಂ ಇಟ್ಟು, ಆ ವರ್ಷನ್ ಮೇಲೆ ಮೈಕ್ ಹಿಡಿದು ಮಾತಾಡುತ್ತಿದ್ದರು. ಡಬ್ ಎಂಬ ಪದವೇ ಅಲ್ಲಿಂದ ಬಂದದ್ದು. ನ್ಯೂಯಾರ್ಕಿನವರಿಗೆ ಎಲ್ಲ ತಾವೇ ಮೊದಲು ಅನ್ನೋ ಚಟ.

ಸೂಜಿಮೊನೆ
ಒಪ್ಪಿದೆ. ಅಮೆರಿಕದ ಡ್ಯಾನ್ಸ್ ಸಿಂಗಲ್ಲಿಗೆ ಅದನ್ನು ರೂಢಿ ಮಾಡಿದವನು ಅಂತ ತಿದ್ದಿಕೊಳ್ಳೋಣ.

ಹಳೇಪ್ಲೇಟು (ಶನಿವಾರ ಬೆಳಿಗ್ಗೆ)
12 ಇಂಚಿನ ಸಿಂಗಲ್ ಕೂಡ ಇವನದೇ ಐಡಿಯಾ ಅಂತ ಒಂದು ಕಡೆ ಓದಿದೆ. ಹೌದಾ?

ಬಾಸ್‌ರಾವ್
ಅಲ್ಲ. ಅದು ಟಾಮ್ ಮೌಲ್ಟನ್. ಚೆರೆನ್‌ಗೆ ಆಪ್ತ, ಸೆಪ್ಟರ್‌ಗೆ ಹಾಡುಗಳನ್ನು ಉದ್ದ ಮಾಡಿ ಮಿಕ್ಸ್ ಮಾಡಿಕೊಡುತ್ತಿದ್ದವನು. ನಾನು ಇಪ್ಪತ್ತು ವರ್ಷ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ದುಡಿದವನು, ಈ ಕಥೆ ನಮ್ಮ ಕಸುಬಿನವರಿಗೆಲ್ಲ ಇಷ್ಟ.

ಪ್ಲೇಟು ಅಚ್ಚು ಹಾಕುವ ಮುಂಚೆ ಒಂದು ಮೆದು ಪ್ಲೇಟಿನ ಮೇಲೆ ಕೊರೆದು ಕೇಳಿ ನೋಡುತ್ತಾರೆ. ಒಂದು ದಿನ ಮೌಲ್ಟನ್ ಹೋದಾಗ ಕೊರೆಯುವ ಹೋಸೆ ರೊಡ್ರಿಗೆಸ್ ಹತ್ತಿರ 7 ಇಂಚಿನ ಖಾಲಿ ಪ್ಲೇಟು ಮುಗಿದಿತ್ತು. ಇದ್ದದ್ದು 10 ಇಂಚಿನದು. ಸರಿ, ಅದರಲ್ಲೇ ಕೊರಿ ಅಂದ. ಕೊರೆದರೆ, ದೊಡ್ಡ ತಟ್ಟೆಯಲ್ಲಿ ಒಂದು ಚಮಚ ಉಪ್ಪಿಟ್ಟು ಹಾಕಿದ ಹಾಗೆ ಕಂಡಿತು. ಇಷ್ಟು ಜಾಗ ಸುಮ್ನೆ ಯಾಕೆ ಬಿಡೋದು, ಗೆರೆಗಳನ್ನು ಅಗಲ ಮಾಡು ಅಂದ. ಗೆರೆ ಅಗಲವಾದರೆ ಸೂಜಿ ಜೋರಾಗಿ ಅತ್ತಿತ್ತ ಆಡಬಹುದು. ಬಾಸ್ ಅಂದರೆ ಅದೇ ತಾನೇ, ಸೂಜಿಯ ದೊಡ್ಡ ಓಲಾಟ. 7 ಇಂಚಿನಲ್ಲಿ ಬಾಸ್ ಜಾಸ್ತಿ ಮಾಡಿದರೆ ಹಾಡು ಚಿಕ್ಕದಾಗಬೇಕು, ಹಾಡು ಉದ್ದ ಮಾಡಿದರೆ ಬಾಸ್ ಸಣ್ಣಗಾಗಬೇಕು. ದೊಡ್ಡ ಪ್ಲೇಟಿನಲ್ಲಿ ಆ ಜಗಳವೇ ಇಲ್ಲ. ಹಾಕಿ ಕೇಳಿದಾಗ ಇಬ್ಬರೂ ದಂಗಾದರು. ಆಮೇಲೆ ಅದು 12 ಇಂಚಿಗೆ ಹೋಯಿತು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ 12 ಇಂಚಿನ ಸಿಂಗಲ್ 1976ರದ್ದು, ಸಾಲ್ಸೋಲ್ ಎಂಬ ಇನ್ನೊಂದು ಕಂಪನಿಯದು.

ಹಳೇಪ್ಲೇಟು ಅವರೇ, ನಿಮ್ಮ ಪ್ಲೇಟನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ. ಹಾಡು ತುಂಬಿಕೊಂಡ ಕಡೆ ಗೆರೆಯ ಬಣ್ಣ ಒಂದು ಥರ, ಬರೀ ತಾಳ ಇರುವ ಕಡೆ ಇನ್ನೊಂದು ಥರ. ಕತ್ತಲಲ್ಲಿ ಪುಟ್ಟ ಬಲ್ಬು ಹಿಡಿದು ಡಿಜೆಗಳು ಅದನ್ನೇ ಓದಿ ಸೂಜಿ ಇಡುತ್ತಿದ್ದರು.

ಹಳೇಪ್ಲೇಟು
ನೋಡಿದೆ!! ಮಧ್ಯದಲ್ಲಿ ಅರ್ಧ ಬೆರಳಗಲ ಒಂದು ಪಟ್ಟಿ ಬೇರೆಯೇ ಹೊಳೆಯುತ್ತದೆ. ಅಲ್ಲಿ ಸೂಜಿ ಇಟ್ಟರೆ ಸರಿಯಾಗಿ ಚಪ್ಪಾಳೆ ಶುರು. ಇಷ್ಟು ದಿನ ಧೂಳು ಅಂದುಕೊಂಡಿದ್ದೆ.

ಲೆಕ್ಕದಪುಸ್ತಕ
ಎಲ್ಲ ಸರಿ. ಆದರೆ ‘ದಾನಿ’ ಅನ್ನೋ ಪದ ಇಲ್ಲಿ ಹೇಗೆ ಬಂತು? ರೆಕಾರ್ಡ್ ಕಂಪನಿ ಮಾಲೀಕರ ದಾನಧರ್ಮ ಅಂದರೆ ನನಗೆ ಸ್ವಲ್ಪ ಅನುಮಾನ. ಅದೇ ಕಾಲದ ನೀಲ್ ಬೊಗಾರ್ಟ್ ನೋಡಿ. ಕಾಸಾಬ್ಲಾಂಕಾ ರೆಕಾರ್ಡ್ಸ್, ಡಾನಾ ಸಮ್ಮರ್, ವಿಲೇಜ್ ಪೀಪಲ್. ದುಡ್ಡು ನೀರಿನ ಹಾಗೆ ಸುರಿದವನು. 1982ರಲ್ಲಿ 39ಕ್ಕೇ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ಹೆಸರಿನಲ್ಲಿ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ನಿಧಿ ಇದೆ, ಒಳ್ಳೆಯದೇ. ಆದರೆ ಅದು ಅವನು ಹೋದ ಮೇಲೆ ಬೇರೆಯವರು ಕಟ್ಟಿದ್ದು. ಚೆರೆನ್ ಬದುಕಿದ್ದಾಗ ಏನು ಮಾಡಿದ, ಸ್ಪಷ್ಟವಾಗಿ ಹೇಳಿ.

ಹಡ್ಸನ್‌ದಡ
ನ್ಯೂಯಾರ್ಕಿನ ಪಕ್ಕದಲ್ಲೇ ಇರುವವನು ನಾನು, ಮೂಲ ಶಿವಮೊಗ್ಗ. ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಮೊದಲು ಪ್ಯಾರಡೈಸ್ ಗ್ಯಾರೇಜ್ ಎಂಬ ಕ್ಲಬ್ಬಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಚೆರೆನ್ ಸಲಿಂಗಿ. ಮೈಕೆಲ್ ಬ್ರಾಡಿ ಎಂಬುವನು ಅವನ ಸಂಗಾತಿಯಾಗಿದ್ದ. ಇಬ್ಬರೂ ಬೇರೆಯಾದರು. ಬೇರೆಯಾದ ಮೇಲೂ ಬ್ರಾಡಿಗೆ ಒಂದು ಕ್ಲಬ್ ಕಟ್ಟಲು ಚೆರೆನ್ ದುಡ್ಡು ಕೊಟ್ಟ. ಇದನ್ನು ಓದಿದಾಗ ನಾನು ನಿಂತು ಇನ್ನೊಂದು ಸಲ ಓದಿದೆ. ಬಿಟ್ಟುಹೋದವರಿಗೆ ನಾವು ಪುಸ್ತಕ ಕೂಡ ವಾಪಸ್ ಕೊಡೋದಿಲ್ಲ.

84 ಕಿಂಗ್ ಸ್ಟ್ರೀಟ್. ಹಿಂದೆ ನಿಜವಾಗಿ ಗಾಡಿ ನಿಲ್ಲಿಸುವ ಗ್ಯಾರೇಜೇ. ಅದಕ್ಕೇ ಆ ಹೆಸರು. ಗಾಡಿ ಹತ್ತುತ್ತಿದ್ದ ಇಳಿಜಾರಿನಲ್ಲೇ ಜನ ನಡೆದು ಮೇಲೆ ಹೋಗಬೇಕು. 1977ರಲ್ಲಿ ಕಟ್ಟಡದ ಕೆಲಸ ಮುಗಿಯುವ ಮುಂಚೆಯೇ ಪಾರ್ಟಿ ಶುರು. 1978ರ ಜನವರಿಯಲ್ಲಿ ಗ್ರ್ಯಾಂಡ್ ಓಪನಿಂಗ್ ಇಟ್ಟರೆ ಹಿಮ ಬಿದ್ದು ಎಲ್ಲ ಎಡವಟ್ಟು. ಸಾಮಾನು ಸಮಯಕ್ಕೆ ಬರಲಿಲ್ಲ, ಜನ ಹೊರಗೆ ಚಳಿಯಲ್ಲಿ ನಡುಗುತ್ತಾ ನಿಂತರು. ಸಿಟ್ಟಾಗಿ ಹೋದವರಲ್ಲಿ ಎಷ್ಟೋ ಜನ ಬಹಳ ದಿನ ಈ ಕಡೆ ತಲೆ ಹಾಕಲಿಲ್ಲವಂತೆ. ಆಮೇಲೆ ನಿಧಾನಕ್ಕೆ ಕುದುರಿತು. ಹೆಂಡ ಇಲ್ಲ. ಹಣ್ಣು, ಪಾನಕ ಅಷ್ಟೇ. ಹೆಂಡ ಮಾರದಿದ್ದರೆ ಬಾರ್ ಮುಚ್ಚುವ ಹೊತ್ತಿಗೆ ಮುಚ್ಚಬೇಕಾಗಿಲ್ಲ, ಮರುದಿನ ಬಿಸಿಲೇರುವ ತನಕ ಕುಣಿಯಬಹುದು. ಸದಸ್ಯರ ಕಾರ್ಡ್ ಇದ್ದವರಿಗೆ, ಅವರು ಕರೆತಂದವರಿಗೆ ಮಾತ್ರ ಪ್ರವೇಶ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೋಗಳು, ಸಲಿಂಗಿಗಳು. ಬೇರೆ ಕ್ಲಬ್ಬಿನ ಬಾಗಿಲಲ್ಲಿ ಮೇಲಿಂದ ಕೆಳಗೆ ನೋಡಿಸಿಕೊಂಡು ವಾಪಸ್ ಬಂದವರು.

ಬಾಸ್‌ರಾವ್
ರಿಚರ್ಡ್ ಲಾಂಗ್ ಕಟ್ಟಿದ ಸೌಂಡ್ ಸಿಸ್ಟಂ! ಡಿಜೆ ಲ್ಯಾರಿ ಲೆವಾನ್! ಮುಂದುವರಿಸಿ, ಮಧ್ಯೆ ಬಾಯಿ ಹಾಕಿದೆ.

ಹಡ್ಸನ್‌ದಡ
ಹಾಕಿ ಪರವಾಗಿಲ್ಲ. ಲೆವಾನ್‌ನ ಒಂದು ಕಥೆ ಹೇಳಲೇಬೇಕು. 1981ರಲ್ಲಿ ಟಾನಾ ಗಾರ್ಡ್ನರ್ ಹಾಡಿದ ‘ಹಾರ್ಟ್‌ಬೀಟ್’ ವೆಸ್ಟ್ ಎಂಡ್‌ನಿಂದ ಬಂತು. ಮಿಕ್ಸ್ ಲೆವಾನ್‌ನದು. ಡಿಸ್ಕೋ ಓಡುವ ವೇಗದಲ್ಲಿ ಇದು ನಡೆಯುತ್ತದೆ ಅಷ್ಟೇ. ಅಷ್ಟು ನಿಧಾನ. ಗ್ಯಾರೇಜಿನಲ್ಲಿ ಮೊದಲ ಸಲ ಹಾಕಿದಾಗ ಜನ ಕುಣಿಯೋದು ಬಿಟ್ಟು ತಿನ್ನಲು ಹೋದರಂತೆ. ಅವನು ಬಿಡಲಿಲ್ಲ. ಮತ್ತೆ ಹಾಕಿದ, ಮತ್ತೆ ಹಾಕಿದ. ಕೆಲವು ವಾರದಲ್ಲಿ ಅದೇ ಹಾಡು ಶುರುವಾದರೆ ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಓಡಿ ಬರುವ ಹಾಗಾಯಿತು.

ಬೆಣ್ಣೆದೋಸೆ
ಈಗ ಹಾಕಿ ಕೇಳಿದೆ. ಅರೇ, ಈ ಬಾಸ್ ನನಗೆ ಗೊತ್ತು! 94ರಲ್ಲಿ ಇನಿ ಕಮೋಜೆ ಹಾಡಿನಲ್ಲಿ ಇದೇ ಇರೋದು ಅಲ್ವಾ? ಕಾಲೇಜ್ ಡೇಗೆ ನಾವು ಕುಣಿದಿದ್ದೇ ಅದಕ್ಕೆ.

ಸೂಜಿಮೊನೆ
ಅದೇ, ಅದೇ. ಅಲ್ಲಿಂದ ತೆಗೆದದ್ದು. ನೋಡಿ, ನೀವು ದಾವಣಗೆರೆಯಲ್ಲಿ ಕೂತು ವೆಸ್ಟ್ ಎಂಡ್‌ಗೆ ಕುಣಿದಿದ್ದೀರಿ.

ಲೆಕ್ಕದಪುಸ್ತಕ
ನನ್ನ ಪ್ರಶ್ನೆ ಹಾಗೇ ಉಳಿಯಿತು.

ಹಡ್ಸನ್‌ದಡ (ಶನಿವಾರ ರಾತ್ರಿ)
ಬಂದೆ ಬಂದೆ. ಮಗಳ ಕ್ಲಾಸಿಗೆ ಹೋಗಿದ್ದೆ.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐದು ಯುವಕರಿಗೆ ವಿಚಿತ್ರ ನ್ಯುಮೋನಿಯಾ ಅಂತ ಸರ್ಕಾರಿ ವರದಿ ಬಂತು. ಜುಲೈ 3ಕ್ಕೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ 41 ಸಲಿಂಗಿಗಳಿಗೆ ಅಪರೂಪದ ಕ್ಯಾನ್ಸರ್ ಎಂಬ ಸುದ್ದಿ. ರೋಗಕ್ಕೆ ಹೆಸರೂ ಇಲ್ಲ, ಕಾರಣವೂ ಗೊತ್ತಿಲ್ಲ. ಆಗಸ್ಟ್‌ನಲ್ಲಿ ಲೇಖಕ ಲ್ಯಾರಿ ಕ್ರೇಮರ್ ಮನೆಯಲ್ಲಿ ಸುಮಾರು 80 ಜನ ಸೇರಿ 6,635 ಡಾಲರ್ ಕೂಡಿಸಿದರು. ಮುಂದಿನ ತಿಂಗಳು ಫೈರ್ ಐಲೆಂಡ್ ಕಡಲತೀರದಲ್ಲಿ ರಜೆಗೆ ಬಂದ ಸಾವಿರಾರು ಜನರ ಮುಂದೆ ಡಬ್ಬಿ ಹಿಡಿದರು. ಸಾವಿರ ಡಾಲರ್ ಕೂಡ ಆಗಲಿಲ್ಲ. ಯಾರಿಗೂ ಕೇಳಲು ಮನಸ್ಸಿರಲಿಲ್ಲ.

1982ರ ಜನವರಿಯಲ್ಲಿ ಸಂಘ ಶುರುವಾಯಿತು. ಗೇ ಮೆನ್ಸ್ ಹೆಲ್ತ್ ಕ್ರೈಸಿಸ್, ಜಿಎಂಎಚ್‌ಸಿ. ಸಂಘ ಇದೆ, ಕೂರಲು ಜಾಗವಿಲ್ಲ. ಈ ರೋಗದ ಹೆಸರೆತ್ತಿದವರಿಗೆ ಆಗ ಯಾರು ಬಾಡಿಗೆಗೆ ಕೊಡುತ್ತಾರೆ? ಚೆರೆನ್‌ದು ಮ್ಯಾನ್‌ಹಟನ್‌ನ ಚೆಲ್ಸಿ ಬಡಾವಣೆಯಲ್ಲಿ ಒಂದು ಹಳೇ ಮನೆ ಇತ್ತು, 318 ವೆಸ್ಟ್ 22ನೇ ಬೀದಿ. ಅದರಲ್ಲಿ ಜಾಗ ಕೊಟ್ಟ. ಅದೇ ಅವರ ಮೊದಲ ನೆಲೆ. ಏಪ್ರಿಲ್ 8ರಂದು ಅವರ ಮೊದಲ ದೊಡ್ಡ ಸಹಾಯಾರ್ಥ ಪಾರ್ಟಿ. ಎಲ್ಲಿ? ಪ್ಯಾರಡೈಸ್ ಗ್ಯಾರೇಜಿನಲ್ಲಿ. ಒಂದೇ ರಾತ್ರಿಗೆ ಸುಮಾರು 50 ಸಾವಿರ ಡಾಲರ್. ಕಡಲತೀರದಲ್ಲಿ ಡಬ್ಬಿ ಅಲ್ಲಾಡಿಸಿದಾಗ ಬಾರದ ದುಡ್ಡು ಕುಣಿಯುವ ಜಾಗದಲ್ಲಿ ಬಂತು.

ಇಷ್ಟು ಸಾಕಾ ಲೆಕ್ಕದವರೇ?

ಲೆಕ್ಕದಪುಸ್ತಕ
ಸಾಕು ಅನ್ನಲಾರೆ, ಆದರೆ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ. ಒಂದು ಮಾತು. ಮನೆ ಇದ್ದವನು ಮನೆ ಕೊಟ್ಟ. ಕೂತು ಫೋನ್ ಎತ್ತಿದವರು, ರೋಗಿಯ ಬಟ್ಟೆ ಒಗೆದವರು ಬೇರೆ ಜನ. ಹೆಸರು ಮಾಲೀಕನಿಗೆ ಬರೋದು ಯಾವಾಗಲೂ ಇದ್ದದ್ದೇ.

ರಾತ್ರಿಪಾಳಿ
ನಾನು ಇಲ್ಲಿ ಬರೀ ಓದುವವಳು, ಬರೆಯೋದು ಕಡಿಮೆ. ಲೆಕ್ಕದಪುಸ್ತಕ ಅವರ ಮಾತು ಒಂದು ಕಡೆಯಿಂದ ಸರಿ. ಆ ಸಂಘದಲ್ಲಿ ‘ಬಡ್ಡಿ’ (ಇಂಗ್ಲಿಷಿನ buddy, ಗೆಳೆಯ) ಅಂತ ಒಂದು ವ್ಯವಸ್ಥೆ ಇತ್ತು. ಸ್ವಯಂಸೇವಕರು ಒಬ್ಬೊಬ್ಬ ರೋಗಿಗೆ ಜೊತೆಯಾಗಿ ನಿಲ್ಲುತ್ತಿದ್ದರು. ದಿನಸಿ ತರೋದು, ಅಡಿಗೆ, ಮನೆ ಗುಡಿಸೋದು, ನಾಯಿ ಸುತ್ತಾಡಿಸೋದು. ಸಹಾಯವಾಣಿ ಶುರು ಮಾಡಿದ್ದು ರಾಜರ್ ಮೆಕ್‌ಫಾರ್ಲೇನ್, ತನ್ನ ಮನೆಯ ಫೋನಿನಲ್ಲೇ. ಮೊದಲ ರಾತ್ರಿಯೇ ನೂರು ಕರೆ. ನಮ್ಮ ಏಡ್ಸ್ ತರಬೇತಿಯಲ್ಲಿ ಇದನ್ನೆಲ್ಲ ಹೇಳಿಕೊಡುತ್ತಿದ್ದರು.

ಆದರೆ ‘ಬರೀ ಜಾಗ’ ಅನ್ನಬೇಡಿ. ನಾನು ನರ್ಸ್. ಭಾರತದಲ್ಲಿ ಎಚ್‌ಐವಿ ಮೊದಲು ಗೊತ್ತಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡಕ್ಕೆ. ನಾನು ಕೆಲಸಕ್ಕೆ ಸೇರಿದ್ದು ಹತ್ತು ವರ್ಷದ ಮೇಲೆ, ಒಂದು ಊರಿನ ಒಂದು ಆಸ್ಪತ್ರೆಗೆ. ಹೆಸರು ಬೇಡ. ಆಗಲೂ ಆ ರೋಗಿಯ ಮಂಚ ವಾರ್ಡಿನಲ್ಲಿರಲಿಲ್ಲ, ಮೆಟ್ಟಿಲ ಕೆಳಗಿತ್ತು. ಲಾರಿ ಡ್ರೈವರ್, ಮೂವತ್ತು ದಾಟಿರಲಿಲ್ಲ. ಊಟದ ತಟ್ಟೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ತಳ್ಳುತ್ತಿದ್ದರು. ಅಲ್ಯುಮಿನಿಯಂ ತಟ್ಟೆ ಸಿಮೆಂಟಿಗೆ ಉಜ್ಜಿದ ಆ ಸದ್ದು ನನಗೆ ಇವತ್ತೂ ಆಗುವುದಿಲ್ಲ. ಒಂದು ರಾತ್ರಿ ನಾನು ಅವನ ಮಂಚದ ಮೇಲೆ ಕೂತು ಬಿಪಿ ನೋಡಿದೆ. ಅವನು ಕೇಳಿದ್ದು ಒಂದೇ. ‘ಅಕ್ಕ, ಇಲ್ಲಿ ಕೂತ್ಕೋಬಹುದಾ ನೀವು?’

ನ್ಯೂಯಾರ್ಕಿನಲ್ಲೂ 82ರಲ್ಲಿ ಊಟದ ಟ್ರೇ ಬಾಗಿಲ ಹೊರಗೇ ಬಿಟ್ಟು ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ನನ್ನ ಮನೆಯ ವಿಳಾಸ ಹಾಕಿಕೊಳ್ಳಿ ಅಂದವನು ಅವನು. ಬಾಗಿಲ ಮೇಲಿನ ನಂಬರ್ ಕೊಡೋದು ಚೆಕ್ ಬರೆದು ಕೊಟ್ಟ ಹಾಗಲ್ಲ.

ಲೆಕ್ಕದಪುಸ್ತಕ
ಕ್ಷಮಿಸಿ ಅಕ್ಕ. ‘ಬರೀ’ ಅನ್ನೋ ಅರ್ಥದಲ್ಲಿ ಬರೆದದ್ದು ತಪ್ಪಾಯಿತು.

ಹಳೇಪ್ಲೇಟು (ಭಾನುವಾರ)
ರಾತ್ರಿಪಾಳಿ ಅವರ ಪೋಸ್ಟ್ ಓದಿ ಏನೂ ಬರೆಯಲು ಕೈ ಬರಲಿಲ್ಲ. ಕಥೆ ಮುಗಿದಿಲ್ಲ ಅಲ್ವಾ, ಮುಂದೇನಾಯಿತು?

ಹಡ್ಸನ್‌ದಡ
ಮುಂದೆ ಚೆನ್ನಾಗಿಲ್ಲ. ಗ್ಯಾರೇಜಿನ ಗುತ್ತಿಗೆ ಮುಗಿದು 1987ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ಮುಚ್ಚಿತು. ಅದೇ ಡಿಸೆಂಬರ್‌ನಲ್ಲಿ ಬ್ರಾಡಿ ಏಡ್ಸ್‌ನಿಂದ ತೀರಿಕೊಂಡ. ಲೆವಾನ್ 1992ರಲ್ಲಿ, 38 ವರ್ಷಕ್ಕೆ. ಕುಣಿಯಲು ಬರುತ್ತಿದ್ದವರಲ್ಲಿ ಎಷ್ಟು ಜನ ಹೋದರೋ.

ಡಿಸ್ಕೋ ವ್ಯಾಪಾರ ಅಷ್ಟರಲ್ಲೇ ಬಿದ್ದಿತ್ತು. 1979ರ ಜುಲೈ 12ಕ್ಕೆ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಪ್ಲೇಟುಗಳನ್ನು ರಾಶಿ ಹಾಕಿ ಸಿಡಿಸಿದ್ದರಲ್ಲ, ಆಮೇಲೆ ದೊಡ್ಡ ಕಂಪನಿಗಳೆಲ್ಲ ಆ ಪದವನ್ನೇ ಕೈಬಿಟ್ಟವು. ವೆಸ್ಟ್ ಎಂಡ್‌ನ ಎಷ್ಟೋ ಒಳ್ಳೆಯ ಪ್ಲೇಟುಗಳು ಬಂದದ್ದು ಮಾತ್ರ ಅದರ ನಂತರವೇ, ಹಳೇಪ್ಲೇಟು ಅವರ ಕೈಯಲ್ಲಿರುವುದೂ ಸೇರಿ. 80ರ ದಶಕದ ಮಧ್ಯಕ್ಕೆ ಅದೂ ನಿಂತಿತು. 90ರ ದಶಕದ ಕೊನೆಯಲ್ಲಿ ಚೆರೆನ್ ಮತ್ತೆ ಶುರು ಮಾಡಿದ.

ಸಂಘಕ್ಕೆ ಬೇಗನೆ ಜಾಗ ಸಾಲದಾಯಿತು, ಬೇರೆ ಕಡೆ ಹೋದರು. ಆ ಮನೆಯನ್ನು ಚೆರೆನ್ 1985ರಲ್ಲಿ ಕಲೋನಿಯಲ್ ಹೌಸ್ ಇನ್ ಎಂಬ ಸಣ್ಣ ವಸತಿಗೃಹ ಮಾಡಿದ. ಸಲಿಂಗಿಗಳು ಯಾರ ಕಣ್ಣಿಗೂ ಹೆದರದೆ ಉಳಿಯಬಹುದಾದ ಜಾಗ. ಗೋಡೆಗೆಲ್ಲ ಅವನೇ ಬರೆದ ಚಿತ್ರಗಳು. ಹೌದು, ಚಿತ್ರಕಾರ ಕೂಡ. ‘24 ಅವರ್ಸ್ ಫಾರ್ ಲೈಫ್’ ಅಂತ ಒಂದು ಸಂಸ್ಥೆ ಕಟ್ಟಿ, ಸಂಗೀತದವರಿಂದ ಏಡ್ಸ್‌ಗಾಗಿ ದುಡ್ಡು ಎತ್ತಿದ.

2007ರ ಡಿಸೆಂಬರ್ 7ರಂದು ತೀರಿಕೊಂಡ, 74 ವರ್ಷ. ಏಡ್ಸ್‌ಗೆ ಸಂಬಂಧಿಸಿದ ಕಾಯಿಲೆ. ತನಗೇ ಸೋಂಕಿದೆ ಅಂತ ಗೊತ್ತಾದದ್ದು ತೀರಾ ಕೊನೆಯಲ್ಲಿ.

ಬೆಣ್ಣೆದೋಸೆ
ಏನ್ರೀ ಇದು. 25 ವರ್ಷ ಅದರ ವಿರುದ್ಧವೇ ಓಡಾಡಿ.

ರಾತ್ರಿಪಾಳಿ
ಅಷ್ಟು ತಡವಾಗಿ ಗೊತ್ತಾಗೋದು ವಯಸ್ಸಾದವರಲ್ಲಿ ಆಗುತ್ತದೆ. ಇವರಿಗೆ ಯಾಕೆ ಟೆಸ್ಟ್ ಅಂತ ಡಾಕ್ಟರಿಗೂ ಹೊಳೆಯುವುದಿಲ್ಲ, ಅವರಿಗೂ ಹೊಳೆಯುವುದಿಲ್ಲ. 2007ಕ್ಕೆ ಒಳ್ಳೆಯ ಔಷಧಿ ಇತ್ತು. ಮೊದಲೇ ಗೊತ್ತಾಗಿದ್ದರೆ ಅನಿಸುತ್ತದೆ. ಕಾಂಡೋಮ್, ಟೆಸ್ಟ್ ಎಲ್ಲ ಹುಡುಗರಿಗೆ ಮಾತ್ರ ಅಂದುಕೊಳ್ಳುವ ಅಂಕಲ್‌ಗಳು ಇಲ್ಲಿದ್ದರೆ ಕೇಳಿಸಿಕೊಳ್ಳಿ.

ಕಿಂಗ್‌ಸ್ಟನ್‌ಕುಮಾರ
ನಾನು ಜಗಳ ಆಡಲು ಬಂದವನು, ಸುಮ್ಮನೆ ಓದುತ್ತಾ ಕೂತೆ. ಆ ಎರಡು ಜಾಗ ಈಗ ಹೇಗಿವೆ?

ಹಡ್ಸನ್‌ದಡ (ಸೋಮವಾರ)
ನಿನ್ನೆ ಬಿಸಿಲಿತ್ತು, ಹೋಗಿ ಬಂದೆ. ಕಿಂಗ್ ಸ್ಟ್ರೀಟಿನ ಹಳೇ ಕಟ್ಟಡ ಇಲ್ಲ, 2018ರಲ್ಲೇ ಕೆಡವಿದ್ದಾರೆ. ಅಲ್ಲಿಂದ 22ನೇ ಬೀದಿಗೆ ನಡೆದೇ ಹೋದೆ, ಅರ್ಧ ಗಂಟೆ. ಎಂಟನೇ ಒಂಬತ್ತನೇ ಅವೆನ್ಯೂ ನಡುವೆ, ಒಂದಕ್ಕೊಂದು ಅಂಟಿ ನಿಂತ ಮನೆಗಳ ಸಾಲು, ಮುಂದೆ ಮರಗಳು. ಎದುರಿನ ಫುಟ್‌ಪಾತಿನಲ್ಲಿ ಐದು ನಿಮಿಷ ನಿಂತಿದ್ದೆ. ಒಬ್ಬ ಹೆಂಗಸು ನಾಯಿ ಹಿಡಿದು ಬಂದಳು, ದಾರಿ ತಪ್ಪಿದ್ದೀರಾ ಅಂತ ಕೇಳಿದಳು. ಇಲ್ಲ, ನೋಡ್ತಿದ್ದೇನೆ ಅಂದೆ. ಫೋಟೋ ತೆಗೆಯಲು ಯಾಕೋ ಸಂಕೋಚವಾಯಿತು.

ಲೆಕ್ಕದಪುಸ್ತಕ
ತೆಗೆಯಬೇಕಿತ್ತು ಮಾರಾಯ್ರೆ.

ಬಾಸ್‌ರಾವ್
ಹಳೇಪ್ಲೇಟು ಅವರೇ, ಆ ಬಿ ಸೈಡ್ ಒಮ್ಮೆ ರೆಕಾರ್ಡ್ ಮಾಡಿ ಕಳಿಸಿ. ನೆಟ್‌ನಲ್ಲಿರೋದು ಬೇಡ, ಅಟ್ಟದಲ್ಲಿದ್ದ ಪ್ಲೇಟಿನದೇ ಬೇಕು, ಕರಕರ ಇದ್ದರೂ ಸರಿ.

ಹಳೇಪ್ಲೇಟು
ಕರಕರ ಏನು, ನಿನ್ನೆಯಿಂದ ಸದ್ದೇ ಇಲ್ಲ. ನಾಲ್ಕು ದಿನ ಅದೊಂದನ್ನೇ ಹಾಕಿ ಹಾಕಿ ಸೂಜಿ ಸವೆದು ಹೋಯಿತು. ಎಸ್‌ಪಿ ರೋಡಿನಲ್ಲಿ ಈಗಲೂ ಸೂಜಿ ಸಿಗುತ್ತಾ ಯಾರಿಗಾದರೂ ಗೊತ್ತಾ?

ಸೂಜಿಮೊನೆ
ಮಾಡೆಲ್ ನಂಬರ್ ಹೇಳಿ. ಒರೆಸಬೇಡಿ ಅಂದಿದ್ದೆ ನಾನು.